ಮೆಲುದನಿಯ ವೈಣಿಕ ವೆಂಕಟಗಿರಿಯಪ್ಪನವರು

ಹೆಗ್ಗಡದೇವನಕೋಟೆ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕಾಡು. ಕಪಿಲೆಯ ಇಕ್ಕೆಲಗಳಲ್ಲಿ ಹಬ್ಬಿದ ತೇಗ, ಬೀಟೆ, ಮತ್ತಿ, ಹೊನ್ನೆಗಳ ಅಡವಿ. ಆ ಅಡವಿಯ ನಡುವೆ ಕಾಕನಕೋಟೆ. ಅಲ್ಲಿ 1971ರವರೆಗೂ ನಡೆದ ಆನೆಗಳ ಖೆಡ್ಡಾ. ನೆರೆಯ ಹುಣಸೂರು ಮರಮುಟ್ಟಿನ ವ್ಯಾಪಾರಕ್ಕೆ ಹೆಸರಾದುದೂ ಈ ಕಾಡುಗಳ ದೆಸೆಯಿಂದಲೇ. ಆನೆಯನ್ನೂ ಮರವನ್ನೂ ನಾಡಿಗೆ ಒದಗಿಸಿದ ಈ ಸೀಮೆ ಒಬ್ಬ ಮಹಾವೈಣಿಕನನ್ನೂ ಒದಗಿಸಿತೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಮೈಸೂರು ಆಸ್ಥಾನದ ವಿದ್ವಾಂಸರೂ, ವೀಣೆಯ ಮೈಸೂರು ಬಾನಿಯನ್ನು ಮುಂದಿನ ಪೀಳಿಗೆಯ ಕೈಗೆ ದಾಟಿಸಿದವರೂ ಆದ ವೀಣೆ ವೆಂಕಟಗಿರಿಯಪ್ಪನವರು 1887ರಲ್ಲಿ ಜನಿಸಿದುದು ಈ ಹೆಗ್ಗಡದೇವನಕೋಟೆಯಲ್ಲಿ.

ಬಾಲ್ಯದಲ್ಲಿಯೇ ಅವರು ಮೈಸೂರಿಗೆ ಬಂದರು. ಅಲ್ಲಿ ಚಿಕ್ಕ ಸುಬ್ಬರಾಯರಲ್ಲಿ ವೀಣೆಯ ಅಭ್ಯಾಸ ನಡೆಯಿತು. ಮುಂದೆ ವೀಣೆ ಶೇಷಣ್ಣನವರ ಶಿಷ್ಯವರ್ಗಕ್ಕೆ ಸೇರುವ ಭಾಗ್ಯವೂ ಲಭಿಸಿತು. ಆಗಿನ ಮೈಸೂರಿನಲ್ಲಿ ವೀಣೆ ಕಲಿಯುವುದೆಂದರೆ ಸಾಮಾನ್ಯವಾದ ಮಾತಲ್ಲ. 1852ರಲ್ಲಿ ಹುಟ್ಟಿದ ಶೇಷಣ್ಣನವರು ದಕ್ಷಿಣಾದಿ ಉತ್ತರಾದಿಗಳೆರಡರಲ್ಲಿಯೂ ಕೀರ್ತಿ ಪಡೆದಿದ್ದರು. ಅವರ ಸಮಕಾಲೀನರಾದ ವೀಣೆ ಸುಬ್ಬಣ್ಣನವರು ಅಷ್ಟೇ ಗೌರವದಿಂದ ಬಾಳುತ್ತಿದ್ದರು. ವೀಣೆಯೆಂಬ ಶಬ್ದವು ವ್ಯಕ್ತಿಯ ಹೆಸರಿಗೆ ಮನೆತನದ ಹೆಸರಿನಂತೆ ಅಂಟಿಕೊಳ್ಳುತ್ತಿದ್ದ ಊರು ಅದು. ಅಂಥ ಊರಿನಲ್ಲಿ, ಕಾಡಂಚಿನ ತಾಲ್ಲೂಕಿನಿಂದ ಬಂದ ಹುಡುಗನೊಬ್ಬನು ತನ್ನ ಹೆಸರಿನ ಹಿಂದೆಯೂ ಆ ಶಬ್ದವನ್ನು ಸಂಪಾದಿಸಿಕೊಳ್ಳಬೇಕಾದರೆ ಎಷ್ಟು ವರ್ಷಗಳ ಸಾಧನೆ ಬೇಕಾಯಿತೆಂಬುದನ್ನು ವಾಚಕರೇ ಊಹಿಸಬಹುದು.

ಅವರ ಬಾಳನ್ನು ತಿಳಿಯಬೇಕಾದರೆ ಅವರು ತೊಡೆಯ ಮೇಲೆ ಇರಿಸಿಕೊಂಡ ವಾದ್ಯವನ್ನು ಮೊದಲು ತಿಳಿಯುವುದು ಒಳ್ಳೆಯದು. ವೀಣೆಗೆ ಸಂಪ್ರದಾಯದ ಮರ ಹಲಸು. ಅದು ಅತಿ ಭಾರವೂ ಅಲ್ಲ, ಅತಿ ಹಗುರವೂ ಅಲ್ಲ. ಗೆದ್ದಲಿಗೆ ಸುಲಭವಾಗಿ ಸೋಲುವುದಿಲ್ಲ. ಚೆನ್ನಾಗಿ ಒಣಗಿ ಹಳತಾದಷ್ಟೂ ಅದರ ನಾದ ಪಕ್ವವಾಗುತ್ತದೆಂಬುದು ವಾದ್ಯ ಮಾಡುವವರ ಅನುಭವ. ಒಂದಡಿಗಿಂತ ತುಸು ಹೆಚ್ಚು ಅಗಲದ ಕೊಡವನ್ನು ಒಳಗಿನಿಂದ ತೋಡಿ, ಮೇಲೆ ತೆಳುಹಲಗೆ ಮುಚ್ಚಿ, ಆ ಹಲಗೆಯ ಮೇಲೆ ಕುದುರೆಯನ್ನು ನಿಲ್ಲಿಸುತ್ತಾರೆ. ದಂಡಿಯ ಮೇಲೆ ಜೇನುಮೇಣಕ್ಕೆ ಮಸಿ ಬೆರೆಸಿ, ಅದರಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಕೂರಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದೆಂದು ಹೆಸರು. ಬೇಸಗೆಯ ಬಿಸಿಗೆ ಮೇಣ ಮೆತ್ತಗಾದರೆ ಮೆಟ್ಟಿಲು ಕದಲುತ್ತದೆ, ಸ್ವರವೂ ಕದಲುತ್ತದೆ. ನುಡಿಸುವ ತಂತಿಗಳು ನಾಲ್ಕು, ತಾಳದ ತಂತಿಗಳು ಮೂರು. ಇಷ್ಟೆಲ್ಲ ಸಿದ್ಧತೆ ನಡೆದ ಮೇಲೆ ಹೊರಡುವ ಧ್ವನಿಯಾದರೋ ನಾಗಸ್ವರದಂತೆ ಬೀದಿಯನ್ನು ತುಂಬುವುದಿಲ್ಲ; ಪಿಟೀಲಿನಂತೆ ಎಡೆಬಿಡದೆ ಹರಿಯುವುದೂ ಇಲ್ಲ. ಮೀಟಿದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಆ ಅಲ್ಪ ಆಯುಸ್ಸಿನೊಳಗೆ ತಂತಿಯನ್ನು ಎಳೆದು ಒಂದು ಸ್ವರದಿಂದ ಮತ್ತೊಂದನ್ನು ಬಿಡಿಸಿ ತೋರಿಸುವುದೇ ವೈಣಿಕನ ವಿದ್ಯೆ.

ಇಂಥ ಮೆಲುದನಿಗೆ ಮನಸೋಲುವುದು ನಮ್ಮ ದೇಶದವರಿಗೆ ಮಾತ್ರ ಸೇರಿದ ಗುಣವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ನಜರತ್ ಎಂಬ ಊರಿನಲ್ಲಿ ಮಾರ್ಟಿನ್ ಮನೆತನದವರ ಗಿಟಾರ್ ಕಾರ್ಖಾನೆಯಿದೆ. 1922ರಲ್ಲಿ ಅವರು ಇಡೀ ಮೈಯನ್ನು ಮಹಾಗನಿ ಮರದಿಂದಲೇ ಮಾಡಿ, ಉಕ್ಕಿನ ತಂತಿ ಬಿಗಿದ ಒಂದು ಪುಟ್ಟ ಗಿಟಾರನ್ನು ಹೊರತಂದರು. ಅದಕ್ಕೆ ಅಲಂಕಾರವಿಲ್ಲ, ಬೆಲೆಯೂ ಅಲ್ಪ. ಅದಾದ ಮೇಲೆ ದೊಡ್ಡ ಹೊಟ್ಟೆಯ, ಹೆಚ್ಚು ಗರ್ಜಿಸುವ ಗಿಟಾರುಗಳು ಬಂದವು. ಆದರೂ ಆ ಪುಟ್ಟ ಜಾತಿಯನ್ನು ಬಲ್ಲವರು ಇಂದಿಗೂ ಅರಸಿಕೊಂಡು ಹೋಗುತ್ತಾರೆ. ಮಂದ್ರದ ಮೊರೆತ ಅದರಲ್ಲಿ ಕಡಿಮೆ. ಆದುದರಿಂದ ಒಂದು ಸ್ವರ ಇನ್ನೊಂದರ ಮೇಲೆ ಬೀಳದೆ ಬಿಡಿಬಿಡಿಯಾಗಿ ಕೇಳುತ್ತದೆ. ಹತ್ತಿರ ಕುಳಿತವನಿಗೆ ಅದು ಮನುಷ್ಯನ ಮಾತಿನಂತೆ ಆಪ್ತವಾಗುತ್ತದೆ. ಹಲಸಿಗೂ ಮಹಾಗನಿಗೂ, ವೀಣೆಗೂ ಗಿಟಾರಿಗೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಧ್ವನಿ ಸಣ್ಣದಾದಾಗ ಅದನ್ನು ನುಡಿಸುವವನ ಕೈಯ ಗುಣದೋಷಗಳು ಬಚ್ಚಿಟ್ಟುಕೊಳ್ಳಲು ಸ್ಥಳವೇ ಉಳಿಯುವುದಿಲ್ಲವೆಂಬುದು ಎರಡಕ್ಕೂ ಸಮಾನವಾದ ಮಾತು.

ಮೈಸೂರು ಬಾನಿಯ ವೈಣಿಕರು ಈ ಬಿಡಿತನವನ್ನೇ ತಮ್ಮ ಲಕ್ಷಣವಾಗಿ ಮಾಡಿಕೊಂಡರು. ಎಡಗೈಯ ತೋರುಬೆರಳನ್ನೂ ನಡುಬೆರಳನ್ನೂ ಜೋಡಿಸಿಯೇ ನಡೆಸದೆ, ಬೇಕಾದೆಡೆ ಬಿಡಿಸಿ ನಡೆಸುವುದು, ಮೀಟಿನಲ್ಲಿ ಸ್ಫುಟತೆ, ದ್ರುತಗತಿಯಲ್ಲಿಯೂ ಪ್ರತಿಯೊಂದು ಸ್ವರವೂ ಮುತ್ತಿನಂತೆ ಬೇರೆಬೇರೆಯಾಗಿ ಉದುರುವುದು, ಇವು ಆ ಬಾನಿಯ ಗುರುತುಗಳು. ಗಾಯನವನ್ನು ಹಿಂಬಾಲಿಸುವುದಷ್ಟೇ ವೀಣೆಯ ಕೆಲಸವಲ್ಲ, ವೀಣೆಗೆ ತನ್ನದೇ ಆದ ನುಡಿಯುಂಟು ಎಂಬ ನಂಬಿಕೆ ಇದರ ಹಿಂದಿದೆ. ವೆಂಕಟಗಿರಿಯಪ್ಪನವರು ಈ ನಂಬಿಕೆಯಲ್ಲಿ ಬೆಳೆದರು. ಕೊನೆಯವರೆಗೂ ಅದನ್ನು ಬಿಡಲಿಲ್ಲ.

ಅವರು ಹತ್ತು ವರ್ಷದ ಬಾಲಕನಾಗಿದ್ದಾಗ, 1897ರಲ್ಲಿ, ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಇಂದು ನಾವು ನೋಡುವ ಅರಮನೆ 1912ರಲ್ಲಿ ಪೂರ್ಣಗೊಂಡಾಗ ಅವರು ಇಪ್ಪತ್ತೈದರ ತರುಣ. ಸಿಂಹಾಸನದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರವರಿದ್ದರು. ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲ ಪ್ರಭುಗಳ ಮುಂದೆ ಕುಳಿತು ನುಡಿಸುವುದು ಯಾವ ವಿದ್ವಾಂಸನಿಗಾದರೂ ಅಗ್ನಿಪರೀಕ್ಷೆಯೇ ಸರಿ. ಆ ಪರೀಕ್ಷೆಯ ಬಗ್ಗೆ ಮೈಸೂರಿನ ಸಂಗೀತಗಾರರ ವಲಯದಲ್ಲಿ ಬಾಯಿಂದ ಬಾಯಿಗೆ ಬಂದ ಒಂದು ಕಥೆಯಿದೆ. ವೆಂಕಟಗಿರಿಯಪ್ಪನವರು ಮೊದಲ ಬಾರಿಗೆ ಮಹಾರಾಜರ ಸಮ್ಮುಖದಲ್ಲಿ ನುಡಿಸಿದಾಗ, ಪ್ರಭುಗಳು ಎಲ್ಲವನ್ನೂ ಕೇಳಿ, ವಾದನವು ಪರವಾಗಿಲ್ಲವೆಂಬ ಅರ್ಥದ ಮಾತೊಂದನ್ನಾಡಿ, ಎರಡು ರೂಪಾಯಿಗಳ ಬಹುಮಾನವನ್ನು ಕೊಡಿಸಿದರಂತೆ. ಶಾಲುಜೋಡಿಯನ್ನೂ ಖಿಲ್ಲತ್ತನ್ನೂ ನಿರೀಕ್ಷಿಸಿದ್ದ ಹಿರಿಯರ ಮುಖ ಬಾಡಿತು. ತರುಣ ವೈಣಿಕರಾದರೋ ಆ ಎರಡು ರೂಪಾಯಿಗಳನ್ನು ಪ್ರಸಾದದಂತೆ, ಮುಖದಲ್ಲಿ ಎಳ್ಳಷ್ಟೂ ವಿಕಾರವಿಲ್ಲದೆ, ಸ್ವೀಕರಿಸಿದರಂತೆ. ಪ್ರಭುಗಳು ಅಳೆಯುತ್ತಿದ್ದುದು ವಿದ್ಯೆಯನ್ನಲ್ಲ. ವಿದ್ಯೆಯ ಅಳತೆ ಅವರಿಗೆ ಮೊದಲ ಮೀಟಿನಲ್ಲಿಯೇ ದೊರೆತಿತ್ತು. ಕೆಲಕಾಲದಲ್ಲಿಯೇ ವೆಂಕಟಗಿರಿಯಪ್ಪನವರು ಆಸ್ಥಾನ ವಿದ್ವಾಂಸರಾದರು.

ಈ ಕಥೆಯನ್ನು ರಾಜಭಕ್ತಿಯ ದೃಷ್ಟಾಂತವೆಂದು ಹೇಳುವವರುಂಟು. ಅಷ್ಟಕ್ಕೇ ನಿಲ್ಲಿಸಿದರೆ ಕಥೆಯ ತಿರುಳು ಕೈತಪ್ಪುತ್ತದೆ. ಆ ಕಾಲದ ಕಲಾವಿದನ ಅನ್ನವೆಲ್ಲ ಅರಮನೆಯ ಒಂದು ಕಟಾಕ್ಷದಲ್ಲಿತ್ತು. ಎರಡು ರೂಪಾಯಿಗಳ ಬಹುಮಾನವೆಂದರೆ ಇಡೀ ಸಂಸಾರದ ಮುಂದಿನ ದಿನಗಳ ಮೇಲೆ ಬಿದ್ದ ನೆರಳು. ಆ ನೆರಳಿನಲ್ಲಿಯೂ ತನ್ನ ಕಲೆಯ ಬೆಲೆಯನ್ನು ಕೈಗೆ ಬಿದ್ದ ನಾಣ್ಯದಿಂದ ಎಣಿಸದೆ ಇರಬಲ್ಲವನ ಮನಸ್ಸು ಮೊದಲೇ ಶ್ರುತಿಗೂಡಿರಬೇಕು. ಕೂಗಿ ಗಮನ ಸೆಳೆಯಲಾರದ ವಾದ್ಯವನ್ನು ಜೀವಮಾನವೆಲ್ಲ ಸೇವಿಸಬೇಕಾದವನಿಗೆ ಈ ಸಮಾಧಾನ ಅಲಂಕಾರವಲ್ಲ, ಅತ್ಯಾವಶ್ಯಕ.

ಆಸ್ಥಾನದಲ್ಲಿದ್ದಷ್ಟು ಕಾಲ ಅವರು ಕೇಳಿದ ಸಂಗೀತ ಒಂದೇ ಬಗೆಯದಲ್ಲ. ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರು ಮೈಸೂರಿಗೆ ಬಂದು ಹಾಡುತ್ತಿದ್ದರು. ಧ್ವನಿಮುದ್ರಿಕೆಗಳಿಂದ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಅರಮನೆಯ ಪಾಶ್ಚಾತ್ಯ ವಾದ್ಯಮೇಳ ಇನ್ನೊಂದು ಕಡೆ. ಇವೆಲ್ಲವುಗಳ ಗಾಳಿಯನ್ನು ವೀಣೆಗೂ ತಾಕಿಸಬೇಕೆಂಬ ಅಭಿಲಾಷೆ ನಾಲ್ವಡಿಯವರದು. ಅದರ ಫಲವಾಗಿ ವೆಂಕಟಗಿರಿಯಪ್ಪನವರು ನಗ್ಮಾ ಎಂಬ ಹೊಸ ಬಗೆಯ ರಚನೆಗಳನ್ನು ವೀಣೆಗಾಗಿ ನಿರ್ಮಿಸಿದರು. ಸಾಹಿತ್ಯವಿಲ್ಲದ, ಚುರುಕು ನಡೆಯ, ಹಿಂದೂಸ್ತಾನಿ ಛಾಯೆಯುಳ್ಳ ಈ ರಚನೆಗಳಲ್ಲಿ ಮಾತಿನ ಆಸರೆಯೇ ಇಲ್ಲ, ಮೀಟೇ ಮಾತು. ಕೃತಿ, ವರ್ಣ, ತಿಲ್ಲಾನಗಳನ್ನೂ ಅವರು ರಚಿಸಿದರು. ಆದರೂ ಅವರ ಹೆಸರಿನೊಡನೆ ಮೊದಲು ನೆನಪಾಗುವುದು ನಗ್ಮಾಗಳೇ. ಹೊರಗಿನದನ್ನು ತಂದು ಬಾನಿಯನ್ನು ಕೆಡಿಸಿದರೆಂದು ಯಾರೂ ಆಕ್ಷೇಪಿಸದಂತೆ, ಬಾನಿಯ ಬಿಡಿಬೆರಳಿನ ಸೊಗಸು ಎದ್ದುಕಾಣುವಂತೆಯೇ ಅವುಗಳನ್ನು ಹೆಣೆದುದು ಅವರ ಜಾಣ್ಮೆ.

ಗುರುವಾಗಿಯೂ ಅವರ ಸ್ಥಾನ ಹಿರಿದು. ಮುಂದೆ ಕೃತಿಕಾರರಾಗಿ ಪ್ರಸಿದ್ಧರಾದ ಜಯಚಾಮರಾಜ ಒಡೆಯರವರು ಅವರಲ್ಲಿ ವೀಣೆ ಅಭ್ಯಸಿಸಿದರು. ಹಾಸನ ಸೀಮೆಯ ಗಾಡವಳ್ಳಿಯಲ್ಲಿ 1920ರಲ್ಲಿ ಹುಟ್ಟಿದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು ಎಳೆವಯಸ್ಸಿನಲ್ಲಿಯೇ ಅವರ ಶಿಷ್ಯರಾದರು. ವೀಣೆಯ ಪಾಠ ಪುಸ್ತಕದಿಂದ ಬರುವಂಥದಲ್ಲ. ಗುರುವಿನ ಎದುರು ಕುಳಿತು, ಅವನ ಬೆರಳು ಮೆಟ್ಟಿಲಿನ ಮೇಲೆ ಎಷ್ಟು ಒತ್ತುತ್ತದೆ, ತಂತಿಯನ್ನು ಎಷ್ಟು ಎಳೆಯುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂಬುದನ್ನು ಕಣ್ಣಿನಿಂದ ಕದ್ದು ಕಿವಿಯಿಂದ ತಿದ್ದಿಕೊಳ್ಳಬೇಕು. ದಶಕಗಳ ಅನಂತರ ದೊರೆಸ್ವಾಮಿ ಅಯ್ಯಂಗಾರ್ಯರ ವಾದನವನ್ನು ಕೇಳಿದವರು ಅದರ ಮಿತವನ್ನೂ ಸ್ಫುಟತೆಯನ್ನೂ ಮೆಚ್ಚಿದಾಗ, ಅರಿವಿಲ್ಲದೆಯೇ ಗುರುವಿಗೂ ನಮಸ್ಕಾರ ಸಲ್ಲಿಸಿದಂತಾಯಿತು.

1940ರಲ್ಲಿ ನಾಲ್ವಡಿಯವರು ಕಾಲವಾದರು. 1947ರಲ್ಲಿ ದೇಶ ಸ್ವತಂತ್ರವಾಯಿತು. ಮೈಸೂರು ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ಸೇರಿತು. ಅಷ್ಟರಲ್ಲಾಗಲೇ ಸಂಗೀತವು ದರ್ಬಾರಿನಿಂದ ಸಭೆಗಳಿಗೂ ಬಾನುಲಿಗೂ ದಾಟತೊಡಗಿತ್ತು. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದ್ದರು. ಸಾವಿರಾರು ಜನ ಕೂರುವ ಚಪ್ಪರಕ್ಕೆ ವೀಣೆಯ ಧ್ವನಿ ಸಾಲದು. ಆದುದರಿಂದ ಧ್ವನಿವರ್ಧಕದ ಆಶ್ರಯ ಅನಿವಾರ್ಯವಾಯಿತು. ಧ್ವನಿವರ್ಧಕವು ನಾದವನ್ನು ದೂರಕ್ಕೆ ಒಯ್ಯಬಲ್ಲದು, ನಿಜ. ಮೀಟಿನ ಹಿಂದಿನ ಮೌನವನ್ನು ಮಾತ್ರ ಅದು ಒಯ್ಯಲಾರದು. ಈ ಎರಡು ಯುಗಗಳ ಸಂಧಿಕಾಲದಲ್ಲಿ, 1952ರಲ್ಲಿ, ವೆಂಕಟಗಿರಿಯಪ್ಪನವರು ದೇಹವನ್ನು ತ್ಯಜಿಸಿದರು. ಆಗ ಅವರಿಗೆ ಅರವತ್ತೈದರ ಆಸುಪಾಸು.

ದೊರೆಸ್ವಾಮಿ ಅಯ್ಯಂಗಾರ್ಯರೂ 1997ರಲ್ಲಿ ತೀರಿಕೊಂಡರು. ಈಗ ಆ ಬಾನಿ ಅವರ ಶಿಷ್ಯಪ್ರಶಿಷ್ಯರ ಬೆರಳುಗಳಲ್ಲಿದೆ. ಒಳ್ಳೆಯ ಹಲಸಿನ ಮರವನ್ನು ಹುಡುಕುವುದು, ಮೇಳ ಕಟ್ಟಬಲ್ಲ ಕೈಯನ್ನು ಹುಡುಕುವುದು, ಎರಡೂ ಸುಲಭವಲ್ಲ. ಅದಕ್ಕಿಂತ ಕಷ್ಟವಾದುದು ಹತ್ತಿರ ಬಂದು ಕುಳಿತು ಕೇಳುವ ಕಿವಿಯನ್ನು ಹುಡುಕುವುದು. ಕಲಾವಿದನನ್ನು ಸನ್ಮಾನಿಸುವ ಬಗೆಗಳು ನಮ್ಮಲ್ಲಿ ಅನೇಕವುಂಟು: ಬಿರುದು, ಹಾರ, ಶಾಲು, ಪ್ರತಿಮೆ. ಎರಡು ರೂಪಾಯಿಗಳನ್ನು ತಲೆಬಾಗಿ ಸ್ವೀಕರಿಸಿದ ವೈಣಿಕರಿಗೆ ಅವು ಯಾವುವೂ ಬೇಕಾಗಿರಲಾರವು. ಸಂಜೆಯ ಹೊತ್ತು ಮನೆಯ ಗದ್ದಲವನ್ನು ಅಡಗಿಸಿ, ಸಣ್ಣ ಕೋಣೆಯೊಂದರಲ್ಲಿ ನಾಲ್ಕು ಜನ ಕುಳಿತು, ಮೀಟಿದ ಸ್ವರ ಪೂರ್ತಿಯಾಗಿ ಆರುವವರೆಗೆ ಮಾತನಾಡದೆ ಕೇಳಿದರೆ, ಹೆಗ್ಗಡದೇವನಕೋಟೆಯ ಆ ಹಿರಿಯರಿಗೆ ಸಲ್ಲಬೇಕಾದುದು ಸಂದಂತೆಯೇ.