ಮೇಣದಬತ್ತಿ ಆರಿಸಿದ ಮಿಜ್ಲಿ ಮತ್ತು ನಮ್ಮೂರ ಗೋಡೆ ಎಸಿ

ಕೊಟ್ಟೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಹನ್ನೊಂದು ವರ್ಷದಿಂದ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ಬೈಕಿನಲ್ಲಿ ಸುತ್ತುತ್ತ ಗೋಡೆಗೆ ಎಸಿ ಕೂರಿಸೋದು, ತೊಳೆಯೋದು, ಗ್ಯಾಸ್ ತುಂಬೋದು ನನ್ನ ಕಸುಬು. ಮೊದಲು ಬ್ಯಾಂಕು, ಬಂಗಾರದ ಅಂಗಡಿ, ನರ್ಸಿಂಗ್ ಹೋಮಿನವರಷ್ಟೇ ಕರೆಯುತ್ತಿದ್ದರು. ಈಗ ಮಾಳಿಗೆ ಮನೆಯವರೂ ಕಂತಿನ ಮೇಲೆ ಎಸಿ ತಂದು ಫೋನ್ ಮಾಡುತ್ತಾರೆ. ಏಪ್ರಿಲ್ಲಿನಲ್ಲಿ ನಮ್ಮ ಕಡೆ 40 ಡಿಗ್ರಿ ಹತ್ತಿರ ಕಾಯುತ್ತದೆ, ವಯಸ್ಸಾದವರು ಮಾಳಿಗೆ ಕೆಳಗೆ ಬೇಯುತ್ತಾರೆ. ಅದಕ್ಕೇ ಅವರನ್ನು ಶೋಕಿ ಅಂತ ಆಡಿಕೊಳ್ಳೋಕೆ ನನಗೆ ಮನಸ್ಸು ಬರಲ್ಲ.

ಮಷಿನ್ ಡಬ್ಬಿ ಬಿಚ್ಚುತ್ತಿದ್ದ ಹಾಗೆ ಮನೆಯ ಹಿರಿಯರು ಯಾರಾದರೂ ಒಬ್ಬರು ಬಂದು ಕೇಳುತ್ತಾರೆ, ಇದರ ಗ್ಯಾಸಿನಿಂದ ಏನೂ ಅಪಾಯ ಇಲ್ಲ ತಾನೇ ಅಂತ. ಬಹಳ ವರ್ಷ ನಾನು ತಲೆ ಎತ್ತದೇ ಇಲ್ಲ ಅಂದುಬಿಡುತ್ತಿದ್ದೆ. ಆಮೇಲೆ ಥಾಮಸ್ ಮಿಜ್ಲಿಯ ಬದುಕಿನ ಬಗ್ಗೆ ಓದಿದೆ. ಈಗ ಅಷ್ಟು ಸಲೀಸಾಗಿ ಇಲ್ಲ ಅನ್ನೋಕೆ ಬಾಯಿ ಬರಲ್ಲ.

ಐಟಿಐಯಲ್ಲಿ ನಮಗೆ ವಿಲಿಸ್ ಕ್ಯಾರಿಯರ್ ಬಗ್ಗೆ ಹೇಳಿಕೊಟ್ಟಿದ್ದರು. 1902ರಲ್ಲಿ ಬ್ರೂಕ್ಲಿನ್‌ನ ಪ್ರಿಂಟಿಂಗ್ ಪ್ರೆಸ್ಸಿನ ತೇವ ತಡೆಯೋಕೆ ಯಂತ್ರ ರೂಪಿಸಿದವನು ಆತ. ಮಿಜ್ಲಿ ಹೆಸರು ಯಾರೂ ಎತ್ತಲಿಲ್ಲ. ಆದರೆ ಎಸಿಯನ್ನು ಮಲಗುವ ಕೋಣೆಯವರೆಗೆ ತಂದ ಗ್ಯಾಸಿನ ಮೂಲ ಮಿಜ್ಲಿಯೇ.

ಮಿಜ್ಲಿ ಹುಟ್ಟಿದ್ದು 1889ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್ ಎಂಬ ಊರಲ್ಲಿ. ಬೆಳೆದದ್ದು ಓಹಾಯೋದಲ್ಲಿ. ಅಪ್ಪನೂ ಹೊಸ ಸಾಮಾನು ಕಂಡುಹಿಡಿಯುವ ಹುಚ್ಚಿನವನು. 1911ರಲ್ಲಿ ಕಾರ್ನೆಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ. ರಸಾಯನಶಾಸ್ತ್ರವನ್ನು ಕೆಲಸ ಮಾಡುತ್ತಲೇ ಕಲಿತ. ಈ ಒಂದು ವಿಷಯಕ್ಕೆ ನನಗೆ ಅವನ ಮೇಲೆ ಮೆಚ್ಚುಗೆ ಇದೆ, ಕೈಕೆಲಸದಿಂದ ವಿದ್ಯೆಗೆ ಹೋದವನು. 1916ರಲ್ಲಿ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್ ಎಂಬಾತನ ಪ್ರಯೋಗಾಲಯ ಸೇರಿದ. ಅದನ್ನು ಮುಂದೆ ಜನರಲ್ ಮೋಟಾರ್ಸ್ ತನ್ನೊಳಗೆ ಸೇರಿಸಿಕೊಂಡಿತು.

ಅಲ್ಲಿ ಅವನಿಗೆ ಸಿಕ್ಕ ಕೆಲಸ, ಕಾರಿನ ಎಂಜಿನ್ ಒಳಗಿನ ಕಟಕಟ ಸದ್ದು ನಿಲ್ಲಿಸೋದು. ವರ್ಷಗಟ್ಟಲೆ ಕೈಗೆ ಸಿಕ್ಕಿದ್ದನ್ನೆಲ್ಲ ಪೆಟ್ರೋಲಿಗೆ ಬೆರೆಸಿ ನೋಡಿದ. 1921ರ ಡಿಸೆಂಬರ್‌ನಲ್ಲಿ ಟೆಟ್ರಾಈಥೈಲ್ ಲೆಡ್ ಅಂದರೆ ಸೀಸದ ಒಂದು ಸಂಯುಕ್ತ ಹಾಕಿದಾಗ ಸದ್ದು ನಿಂತಿತು. ಆಲ್ಕೋಹಾಲ್ ಬೆರೆಸಿದರೂ ಸದ್ದು ನಿಲ್ಲುತ್ತದೆ ಅಂತ ಅವನಿಗೆ ಗೊತ್ತಿತ್ತು. ಆದರೆ ಆಲ್ಕೋಹಾಲನ್ನು ಯಾವ ರೈತನಾದರೂ ಮಾಡಬಲ್ಲ, ಅದಕ್ಕೆ ಪೇಟೆಂಟ್ ಸಿಗಲ್ಲ. ಸೀಸ ವಿಷ ಅನ್ನೋದು ಆಗಲೇ ಜಗತ್ತಿಗೇ ಗೊತ್ತಿದ್ದ ಸಂಗತಿ. ಹಾಗಾಗಿ ಮಾರುವಾಗ ಸೀಸ ಅನ್ನೋ ಪದವನ್ನೇ ಬಿಟ್ಟು ಈಥೈಲ್ ಅಂತಷ್ಟೇ ಹೆಸರಿಟ್ಟರು. 1923ರ ಶುರುವಿನಲ್ಲಿ ಮಿಜ್ಲಿಗೇ ಸೀಸದ ವಿಷವೇರಿ, ಗಾಳಿ ಬದಲಾವಣೆಗೆ ಫ್ಲಾರಿಡಾಕ್ಕೆ ಹೋಗಬೇಕಾಯಿತು. ಅದು ಎಂಥ ವಿಷ ಅಂತ ಅವನ ಮೈಗೆ ಗೊತ್ತಿತ್ತು.

1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಅದನ್ನು ತಯಾರಿಸುತ್ತಿದ್ದ ಕೂಲಿಕಾರರು ಒಬ್ಬೊಬ್ಬರಾಗಿ ಹುಚ್ಚು ಹಿಡಿದವರಂತೆ ಆಡತೊಡಗಿದರು. ಕೆಲವರನ್ನು ಕಟ್ಟಿಹಾಕಿ ಆಸ್ಪತ್ರೆಗೆ ಒಯ್ದರು. ಐವರು ಸತ್ತರು. ಕಾರ್ಮಿಕರು ಮೊದಲಿಂದಲೂ ಅದನ್ನು ಹುಚ್ಚು ಗ್ಯಾಸು ಅಂತಲೇ ಕರೆಯುತ್ತಿದ್ದರು. ಕಂಪನಿ ಕಡೆಯಿಂದ ಬಂದ ವಿವರಣೆ ಏನು ಗೊತ್ತಾ? ಜಾಸ್ತಿ ದುಡಿದು ತಲೆ ಕೆಟ್ಟಿರಬಹುದು ಅಂತ! ತಿಂಗಳ ಕೊನೆಗೆ ಪತ್ರಕರ್ತರನ್ನು ಕರೆಸಿ ಮಿಜ್ಲಿಯನ್ನು ಮುಂದೆ ನಿಲ್ಲಿಸಿದರು. ಆತ ಆ ದ್ರವವನ್ನು ಕೈಗೆ ಸುರುವಿಕೊಂಡು ತೊಳೆದ, ಸೀಸೆಯನ್ನು ಮೂಗಿನ ಹತ್ತಿರ ಹಿಡಿದು ಸುಮಾರು ಒಂದು ನಿಮಿಷ ಮೂಸಿದ. ದಿನಾ ಹೀಗೆ ಮಾಡಿದರೂ ತನಗೇನೂ ಆಗಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ. ಮರುವರ್ಷ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಸರ್ಕಾರಿ ಸಭೆಯಲ್ಲೇ ಇದನ್ನು ವಿರೋಧಿಸಿದರು. ಮಾರಾಟ ಕೆಲಕಾಲ ನಿಂತಿತು, 1926ರಲ್ಲಿ ಮತ್ತೆ ಶುರುವಾಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದಲ್ಲಿ. ಅಂದರೆ ನಾನು ಚಿಕ್ಕವನಿದ್ದಾಗ ಕೊಟ್ಟೂರಿನ ತೇರು ಬಯಲಿನಲ್ಲಿ ಲೂನಾಗಳ ಹಿಂದೆ ಓಡುತ್ತ ಕುಡಿದ ಹೊಗೆಯಲ್ಲೂ ಅದೇ ಸೀಸ ಇತ್ತು.

ಗ್ಯಾಸಿನ ಕತೆ ಶುರುವಾಗೋದು 1928ರಲ್ಲಿ. ಆಗಿನ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡಯಾಕ್ಸೈಡ್, ಮೀಥೈಲ್ ಕ್ಲೋರೈಡ್ ತುಂಬುತ್ತಿದ್ದರು. ಮೊದಲೆರಡು ಸೋರಿದರೆ ಮೂಗಿಗೆ ಹೊಡೆದು ಎಬ್ಬಿಸುತ್ತವೆ. ಮೂರನೆಯದಕ್ಕೆ ವಾಸನೆ ಅಷ್ಟಿಲ್ಲ, ಮಲಗಿದವರು ಮಲಗಿದಲ್ಲೇ ಸತ್ತ ಪ್ರಕರಣಗಳು ನಡೆದಿದ್ದವು. ಸುಡದ, ವಿಷವಲ್ಲದ ಗ್ಯಾಸ್ ಬೇಕು ಅಂತ ಕೆಟರಿಂಗ್ ಕೇಳಿದ. ಮಿಜ್ಲಿ ಮತ್ತು ಅವನ ಜೊತೆಗಾರರು ಮೂಲಧಾತುಗಳ ಕೋಷ್ಟಕ ಹಿಡಿದು ಕೂತು ಕೆಲವೇ ದಿನಗಳಲ್ಲಿ ಡೈಕ್ಲೋರೋಡೈಫ್ಲೋರೋಮೀಥೇನ್ ತಯಾರಿಸಿದರು. ಮುಂದೆ ಅದೇ ಫ್ರಿಯಾನ್ ಆಯಿತು.

ಇಲ್ಲೊಂದು ಸಂಗತಿ ಇದೆ, ಮಿಜ್ಲಿಯೇ ಮುಂದೆ ಹೇಳಿಕೊಂಡದ್ದು. ಈ ಗ್ಯಾಸ್ ಮಾಡೋಕೆ ಬೇಕಾದ ಒಂದು ರಾಸಾಯನಿಕದ ಐದು ಸಣ್ಣ ಸೀಸೆ ತರಿಸಿದ್ದರು. ಒಂದನ್ನು ಎತ್ತಿಕೊಂಡು ಗ್ಯಾಸ್ ಮಾಡಿ, ಗಾಜಿನ ಪೆಟ್ಟಿಗೆಯೊಳಗಿನ ಗಿನಿಯಿಲಿಗೆ ಕುಡಿಸಿದರು. ಅದಕ್ಕೇನೂ ಆಗಲಿಲ್ಲ. ಎರಡನೇ ಸೀಸೆಯಿಂದ ಮಾಡಿದ ಗ್ಯಾಸಿಗೆ ಇನ್ನೊಂದು ಗಿನಿಯಿಲಿ ಸತ್ತೇಹೋಯಿತು. ಆ ಐದರಲ್ಲಿ ಒಂದೇ ಒಂದು ಸೀಸೆ ಶುದ್ಧವಾಗಿತ್ತು. ಉಳಿದವುಗಳ ಕಲಬೆರಕೆಯಿಂದ ಫಾಸ್ಜೀನ್ ಹುಟ್ಟುತ್ತಿತ್ತು, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ವಿಷಾನಿಲ ಅದು. ಮೊದಲು ಕೈಗೆ ಬೇರೆ ಸೀಸೆ ಬಂದಿದ್ದರೆ ಈ ಗ್ಯಾಸನ್ನು ಅಲ್ಲಿಗೇ ಕೈಬಿಡುತ್ತಿದ್ದರೇನೋ.

ಇದನ್ನು ಓದಿದಾಗ ನನಗೆ ನಮ್ಮ ಹುಡುಗರು ನೆನಪಾದರು. ಹಳೆಯ ಎಸಿಗಳಲ್ಲಿರುವ ಆರ್-22 ಗ್ಯಾಸ್ ಮಿಜ್ಲಿಯ ಗ್ಯಾಸಿನ ಖಾಸಾ ತಮ್ಮ. ಪೈಪಿನಲ್ಲಿ ಅದು ಉಳಿದಿರುವಾಗಲೇ ಬ್ರೇಜಿಂಗ್ ಟಾರ್ಚ್ ಹಿಡಿದರೆ ಬೆಂಕಿಗೆ ಒಡೆದು ಆಮ್ಲದ ಹೊಗೆ ಏಳುತ್ತದೆ, ಅದರಲ್ಲಿ ಅದೇ ಫಾಸ್ಜೀನ್ ಕೂಡ ಇರಬಹುದು. ಗಂಟಲು ಉರಿದು ಕೆಮ್ಮು ಬಂದರೆ ನಾವು ತಾಮ್ರದ ಹೊಗೆ ಅಂದುಕೊಂಡು ಮಜ್ಜಿಗೆ ಕುಡಿದು ಸುಮ್ಮನಾಗುತ್ತಿದ್ದೆವು. ಗ್ಯಾಸನ್ನು ಪೂರ್ತಿ ತೆಗೆದು, ನೈಟ್ರೋಜನ್ ಹಾಯಿಸಿ, ಕಿಟಕಿ ತೆಗೆದು ಆಮೇಲೆ ಬೆಂಕಿ ಹಚ್ಚಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ನೈಟ್ರೋಜನ್ ಮಾತು ಬಂತು, ಹೇಳಿಯೇಬಿಡುತ್ತೇನೆ. ನಾನು ಕೆಲಸ ಕಲಿತ ಅಂಗಡಿಯಲ್ಲಿ ಸೋರಿಕೆ ನೋಡೋಕೆ ಆಕ್ಸಿಜನ್ ಹಾಯಿಸುತ್ತಿದ್ದರು. ನೈಟ್ರೋಜನ್ ಸಿಲಿಂಡರ್ ಹೊಸಪೇಟೆಯಿಂದ ಬರಬೇಕು, ಆಕ್ಸಿಜನ್ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಒತ್ತಡದ ಆಕ್ಸಿಜನ್ನಿಗೆ ಕಂಪ್ರೆಸರ್ ಎಣ್ಣೆ ತಾಗಿದರೆ ಬಾಂಬಿನ ಹಾಗೆ ಸಿಡಿಯುತ್ತದೆ. ಒಂದು ದಿನ ಸಿಡಿಯಿತು. ನನ್ನ ಜೊತೆಯವನ ಎರಡೂ ಕೈ ಸುಟ್ಟವು. ಅವನಿಗೇ ಹುಷಾರಿರಲಿಲ್ಲ ಅಂತ ಮಾಲೀಕರು ಊರಿಗೆಲ್ಲ ಹೇಳಿದರು. ಬೇವೇ ಘಟಕದ ವಿವರಣೆ ಓದುವಾಗ ಆ ಮಾತನ್ನೇ ಮತ್ತೆ ಕೇಳಿದ ಹಾಗಾಯಿತು.

ಮಿಜ್ಲಿ ಕಡೆ ಬರೋಣ. 1930ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಆತ ಹೊಸ ಗ್ಯಾಸನ್ನು ಎದೆ ತುಂಬ ಎಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿದ. ಬತ್ತಿ ಆರಿತು, ಆತ ನಗುತ್ತ ನಿಂತಿದ್ದ. ವಿಷವೂ ಅಲ್ಲ, ಬೆಂಕಿಯೂ ಹತ್ತಲ್ಲ ಅಂತ ಒಂದೇ ಉಸಿರಿನಲ್ಲಿ ತೋರಿಸಿಯಾಯಿತು. ನಮ್ಮ ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ನುಡಿಯುವ ಒಂದು ಸಾಲಿನ ಕಾರಣಿಕಕ್ಕೆ ಜನ ವರ್ಷವಿಡೀ ಅರ್ಥ ಹುಡುಕುತ್ತಾರೆ, ಮಳೆಗಂತ ಒಬ್ಬರು, ರಾಜಕೀಯಕ್ಕಂತ ಇನ್ನೊಬ್ಬರು. ಮಿಜ್ಲಿಯ ಮೇಣದಬತ್ತಿಗೆ ಮಾತ್ರ 44 ವರ್ಷ ಒಂದೇ ಅರ್ಥ ಉಳಿಯಿತು. ಹಾಗಂತ ಆ ದಿನ ಆತ ಸುಳ್ಳು ಹೇಳಲಿಲ್ಲ. ಸೀಸದ ವಿಷಯದಲ್ಲಿ ಗೊತ್ತಿದ್ದೂ ಮುಚ್ಚಿಟ್ಟವನು, ಈ ಗ್ಯಾಸಿನ ವಿಷಯದಲ್ಲಿ ನಿಜವನ್ನೇ ತೋರಿಸಿದ. ಆದರೆ ಅವನು ತೋರಿಸಿದ ನಿಜ ಆ ಕೋಣೆಯಷ್ಟೇ ದೊಡ್ಡದು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಈ ಗ್ಯಾಸುಗಳು ಮೇಲೇರಿ ಓಜೋನ್ ಪದರವನ್ನು ತಿನ್ನುತ್ತವೆ ಅಂದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ರಂಧ್ರದ ವರದಿ ಬಂತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು, 1992ರಲ್ಲಿ ಭಾರತವೂ ಸೇರಿತು.

ಈಗ ಹೊಸ ಎಸಿಗಳಲ್ಲಿ ಹೆಚ್ಚಾಗಿ ಬರೋದು ಆರ್-32. ಓಜೋನಿಗೆ ತೊಂದರೆ ಇಲ್ಲ. ಆದರೆ ಭೂಮಿ ಬಿಸಿ ಮಾಡೋದರಲ್ಲಿ ಒಂದು ಕಿಲೋ ಆರ್-32 ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-22ಕ್ಕೆ ಹೋಲಿಸಿದರೆ ಇದು ಅರ್ಧಕ್ಕಿಂತ ಕಡಿಮೆ, ಅಷ್ಟೇ ಸಮಾಧಾನ. ಇನ್ನೊಂದು ವಿಷಯ, ಇದು ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸು. ಮಿಜ್ಲಿ ಯಾವುದನ್ನು ತಪ್ಪಿಸೋಕೆ ಹೋಗಿದ್ದನೋ ಅಲ್ಲಿಗೇ ಒಂದು ಹೆಜ್ಜೆ ಹಿಂದೆ ಬಂದಿದ್ದೇವೆ. ಬಳಸುವವರು ಹೆದರಿ ಸಾಯಬೇಕಿಲ್ಲ. ಸೋರಿದ ಅನುಮಾನ ಬಂದರೆ ಎಂಸಿಬಿ ಇಳಿಸಿ, ಬಾಗಿಲು ಕಿಟಕಿ ತೆಗೆದು, ಊದುಬತ್ತಿಯನ್ನೂ ಹಚ್ಚದೆ ಹೊರಗೆ ಬನ್ನಿ. ಹೆಚ್ಚಿನ ಅಪಾಯ ನಮ್ಮಂಥ ಮೆಕ್ಯಾನಿಕ್‌ಗಳಿಗೆ. ಎಸಿ ಬಿಚ್ಚಿ ಬೇರೆ ಮನೆಗೆ ಒಯ್ಯುವಾಗ ಗ್ಯಾಸನ್ನು ಔಟ್‌ಡೋರ್ ಯೂನಿಟ್ಟಿಗೆ ಎಳೆದು ಕೂಡಿಡುತ್ತೇವೆ. ಆಗ ಕಂಪ್ರೆಸರನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸದೆ, ಓಡುತ್ತಿರುವಾಗಲೇ ಪೈಪ್ ಸಡಿಲಿಸಿದರೆ ಗಾಳಿ ಒಳಗೆ ಹೋಗುತ್ತದೆ. ಗಾಳಿ, ಎಣ್ಣೆ, ಗ್ಯಾಸು ಒಟ್ಟಿಗೆ ಒತ್ತಿಕೊಂಡರೆ ಡೀಸೆಲ್ ಎಂಜಿನ್ ಒಳಗೆ ಆಗೋದೇ ಆಗಿ ಕಂಪ್ರೆಸರ್ ಒಡೆಯುತ್ತದೆ.

ಗ್ಯಾಸಿನ ಬಗ್ಗೆ ಇನ್ನೊಂದು ಮಾತು, ನಮ್ಮ ಕಸುಬಿನವರಿಗೆ ಸಿಟ್ಟು ಬಂದರೂ ಬರಲಿ. ಅದು ಪೆಟ್ರೋಲ್ ಅಲ್ಲ, ಓಡಿದಷ್ಟೂ ಖರ್ಚಾಗಲ್ಲ. ವರ್ಷಾ ವರ್ಷಾ ತುಂಬಬೇಕು ಅಂತ ಯಾರಾದರೂ ಹೇಳಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮೊದಲು ತೂತು ಮುಚ್ಚಿಸಿ, ವ್ಯಾಕ್ಯೂಮ್ ಪಂಪ್ ಹಾಕಿಸಿ, ಆಮೇಲೆ ತೂಕ ಮಾಡಿ ತುಂಬಿಸಿ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ನೀವೇ ತೊಳೆಯಬಹುದು, ನಮ್ಮ ಕೆಂಪು ದೂಳಿಗೆ ಅಷ್ಟಂತೂ ಬೇಕು. ಒಳಗಿನ ಕವರ್ ಮಾತ್ರ ಬಿಚ್ಚಬೇಡಿ.

1940ರಲ್ಲಿ, 51ನೇ ವಯಸ್ಸಿನಲ್ಲಿ ಮಿಜ್ಲಿಗೆ ಪೋಲಿಯೋ ಬಡಿಯಿತು, ಕಾಲುಗಳು ಹೋದವು. ಸುಮ್ಮನೆ ಕೂರುವ ಆಸಾಮಿ ಅಲ್ಲ. ಹಾಸಿಗೆಯಿಂದ ತಾನೇ ಏಳೋಕೆ ಹಗ್ಗ ಮತ್ತು ರಾಟೆಗಳ ಒಂದು ಸಾಧನ ಮಾಡಿಕೊಂಡ. 1941ರಲ್ಲಿ ರಸಾಯನಶಾಸ್ತ್ರದ ದೊಡ್ಡ ಗೌರವ ಪ್ರೀಸ್ಟ್ಲಿ ಪದಕ ಬಂತು, 1944ರಲ್ಲಿ ಅದೇ ಕೆಮಿಕಲ್ ಸೊಸೈಟಿಯ ಅಧ್ಯಕ್ಷನೂ ಆದ. ಆ ವರ್ಷ ನವೆಂಬರ್ 2ರಂದು ಅದೇ ಹಗ್ಗ ಕುತ್ತಿಗೆಗೆ ಸುತ್ತಿಕೊಂಡು ಸತ್ತಿದ್ದ. ಅಪಘಾತ ಅಂದವರಿದ್ದಾರೆ, ಆತ್ಮಹತ್ಯೆ ಅಂದವರೂ ಇದ್ದಾರೆ. ತನ್ನ ಎರಡು ದೊಡ್ಡ ಶೋಧಗಳನ್ನೂ ಜಗತ್ತು ನಿಷೇಧಿಸಿದ್ದು ನೋಡೋಕೆ ಅವನು ಇರಲಿಲ್ಲ. ಈ ಸಾವಿನ ಮೇಲೆ ಇಂಟರ್‌ನೆಟ್‌ನಲ್ಲಿ ಬೇಕಾದಷ್ಟು ಮೀಮ್ ಇವೆ. ನನಗೆ ನಗು ಬರಲ್ಲ. ನಡೆಯಲಾಗದ ಮನುಷ್ಯ ಇನ್ನೊಬ್ಬರ ಕೈ ಕಾಯದೆ ಏಳಬೇಕು ಅಂದುಕೊಂಡದ್ದರಲ್ಲಿ ನಗೋಕೆ ಏನಿದೆ?

ಅವನಿಗೆ ಹಗ್ಗ ಮುಳುವಾಯಿತು. ನಮ್ಮ ಹುಡುಗರಿಗೆ ಹಗ್ಗವೇ ಇಲ್ಲ. ಎರಡನೇ ಮಹಡಿಯ ಸಜ್ಜಾದ ಮೇಲೆ ಒಂದು ಕಾಲು, ಕಿಟಕಿ ಸರಳಿಗೆ ಒಂದು ಕೈ, ಉಳಿದ ಕೈಯಲ್ಲಿ ಮೂವತ್ತು ಕಿಲೋ ದಾಟುವ ಔಟ್‌ಡೋರ್ ಯೂನಿಟ್. ಸೇಫ್ಟಿ ಬೆಲ್ಟಿಗೆ ಆಗುವ ಖರ್ಚು ಎರಡು ಮೂರು ಸರ್ವಿಸಿನಲ್ಲಿ ಹುಟ್ಟುತ್ತದೆ. ಆದರೂ ಅಂಗಡಿಗಳು ಕೊಡಲ್ಲ, ಗಿರಾಕಿ ಕೇಳಲ್ಲ, ಹೆಲ್ಪರ್ ಹುಡುಗನ ಹೆಸರು ಯಾವ ರಿಜಿಸ್ಟರಿನಲ್ಲೂ ಇರಲ್ಲ. ಅವನು ಗುಳೆ ಹೋಗಿ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿದರೂ ಅಷ್ಟೇ. ಬಿದ್ದರೆ ಅವನಿಗೇ ಹುಷಾರಿರಲಿಲ್ಲ.

ಹೋದ ತಿಂಗಳು ಹಗರಿಬೊಮ್ಮನಹಳ್ಳಿ ಹತ್ತಿರ ಒಂದು ಮಾಳಿಗೆ ಮನೆಗೆ ಹೋಗಿದ್ದೆ. ಅಜ್ಜಿಯೊಬ್ಬರಿಗೆ ಉಬ್ಬಸ, ಮಗ ಕಂತಿನ ಮೇಲೆ ಒಂದು ಟನ್ನಿನ ಎಸಿ ತಂದಿದ್ದ. ಗೋಡೆ ಕೊರೆದರೆ ಮೇಲೆ ಒಂದಿಂಚು ಸಿಮೆಂಟು, ಒಳಗೆ ಬರೀ ಮಣ್ಣು. ಗಿಟ್ಟಿ ಹೊಡೆದು ಸ್ಕ್ರೂ ಬಿಗಿದರೆ ಇವತ್ತು ನಿಲ್ಲುತ್ತದೆ, ಮಳೆಗಾಲಕ್ಕೆ ಅಜ್ಜಿಯ ಮಂಚದ ಮೇಲೆ ಬೀಳುತ್ತದೆ. ಆರ್‌ಪಾರ್ ತೂತು ಮಾಡಿ, ಹೊರಗಡೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಹಾಕಬೇಕು, ಮಂಚವನ್ನೂ ಪಕ್ಕದ ಗೋಡೆಗೆ ಸರಿಸಬೇಕು ಅಂದೆ. ಅರ್ಥಿಂಗ್ ನೋಡಿದರೆ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಒಣ ಮಣ್ಣಿನಲ್ಲಿ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ, ಕರೆಂಟು ಎಸಿಯ ಮೈಗೆ ಬಂದರೆ ಎಂಸಿಬಿ ಬೀಳೋದಿಲ್ಲ. ಇದ್ದಿಲು, ಉಪ್ಪು ಹಾಕಿಸಿ, ಬೇಸಿಗೆ ಮುಗಿಯೋವರೆಗೆ ವಾರಕ್ಕೆ ನಾಲ್ಕು ಕೊಡ ನೀರು ಸುರಿಯೋಕೆ ಹೇಳಿದೆ. ಎಸಿಗೇ ಬೇರೆ ಲೈನ್, ಬೇರೆ ಎಂಸಿಬಿ ಬೇಕಿತ್ತು.

ಮಗನಿಗೆ ಸಿಟ್ಟು ಬಂತು. ಬೇರೆಯವರು ಒಂದೂವರೆ ತಾಸಿನಲ್ಲಿ ಕೂರಿಸಿ ಹೋಗ್ತಾರೆ, ನಿಮ್ಮದೇನು ಮೂರು ದಿನ ಅಂತ ರೇಗಿದ. ಅಜ್ಜಿ ಮಾತ್ರ ಆ ಹಳೆಯ ಪ್ರಶ್ನೆ ಕೇಳಿದರು. ಅಪಾಯ ಐತಿ ಅಜ್ಜಿ, ಎಲ್ಲೆಲ್ಲಿ ಐತಿ ಅಂತ ತೋರಿಸ್ತೀನಿ ಬರ್ರಿ ಅಂತ ಕರಕೊಂಡು ಹೋಗಿ ಗೋಡೆ, ಗುಂಡಿ, ಎಂಸಿಬಿ ತೋರಿಸಿದೆ. ಮೂರನೇ ದಿನ ರಸಮಟ್ಟ ಇಟ್ಟು, ನೀರಿನ ಪೈಪು ಹೊರಗಡೆ ವಾಟ ಇರೋ ಹಾಗೆ ನೋಡಿಕೊಂಡು ಎಸಿ ಕೂರಿಸಿದೆ. ಕೂಲಿಯಲ್ಲಿ ಇನ್ನೂರು ರೂಪಾಯಿ ಹಿಡಿದುಕೊಂಡ. ಅರ್ಥಿಂಗ್ ಗುಂಡಿಗೆ ಅಜ್ಜಿಯೇ ನೀರು ಹಾಕಿಸ್ತಾರಂತೆ.