ಕಿಟೆಲ್ ಮತ್ತು ಐದು ಮಾತ್ರೆಗಳು

ಮೂಡಲಗಿಯ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ಹೋದಾಗ ನನ್ನ ವಿಷಯ ಗಣಿತವಾಗಿತ್ತು. ಕನ್ನಡ ಶಿಕ್ಷಕರು ರಜೆಯಲ್ಲಿದ್ದ ದಿನ ಛಂದಸ್ಸಿನ ಪಾಠ ನನ್ನ ಪಾಲಿಗೆ ಬಂತು. ಎಣಿಕೆ ತಾನೇ ಎಂದು ಧೈರ್ಯ ಮಾಡಿ ‘ಹುಕ್ಕೇರಿ’ಗೆ ನಾಲ್ಕು ಮಾತ್ರೆ ಹಾಕಿದೆ. ಒತ್ತಕ್ಷರದ ಹಿಂದಿನ ‘ಹು’ ಗುರುವಾಗುತ್ತದೆ, ಒಟ್ಟು ಐದು ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಿದ್ದಿದಳು. ಅಂದು ಸಂಜೆ ಗ್ರಂಥಾಲಯದಲ್ಲಿ ಛಂದಸ್ಸಿನ ಪುಸ್ತಕ ಹುಡುಕುವಾಗ ಫರ್ಡಿನಾಂಡ್ ಕಿಟೆಲರ ಬದುಕು ಕಣ್ಣಿಗೆ ಬಿತ್ತು.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ. ತಂದೆ ಪಾದ್ರಿ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಕನ್ನಡ ನಾಡಿಗೆ ಬಂದರು. ಅವರ ತಾಯ್ನುಡಿಯ ಪದ್ಯ ನಡೆಯುವುದು ಒತ್ತಿ ನುಡಿಯುವ ಅಕ್ಷರಗಳ ಮೇಲೆ. ನಮ್ಮಲ್ಲಿ ಹಾಗಲ್ಲ, ಉಚ್ಚರಿಸುವ ಕಾಲವನ್ನೇ ಅಳೆಯಬೇಕು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಬೆಳೆದ ಮೇಲೆ ಕಿವಿಯನ್ನು ಹೀಗೆ ಹೊಸದಾಗಿ ಪಳಗಿಸಿಕೊಳ್ಳುವುದು ಸುಲಭವಲ್ಲ. ಕಿಟೆಲ್ ಪಳಗಿಸಿಕೊಂಡರು, 1862ರಲ್ಲಿ ಯೇಸುವಿನ ಕಥೆಯನ್ನು ‘ಕಥಾಮಾಲೆ’ ಎಂದು ಕನ್ನಡ ಪದ್ಯದಲ್ಲಿ ಬರೆದರು. ಧರ್ಮಪ್ರಚಾರಕ್ಕೆ ಬಂದವರು ಹಳಗನ್ನಡದ ಓಲೆಗರಿಗಳಲ್ಲಿ ಮುಳುಗಿದ್ದು ಮಿಷನ್ನಿನ ಕೆಲವರಿಗೆ ಹಿಡಿಸಲಿಲ್ಲ.

ಅವರು ಬಿಡಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ 1872ರಲ್ಲಿ ಬಂತು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು, ಜತೆಗೆ ಕನ್ನಡ ಸಾಹಿತ್ಯದ ಮೇಲೆ ದೀರ್ಘ ಪ್ರಬಂಧವನ್ನೂ ಸೇರಿಸಿದರು. ಸುಮಾರು ಒಂಬತ್ತು ಶತಮಾನ ಹಳೆಯ ಛಂದಶ್ಶಾಸ್ತ್ರ ಹೀಗೆ ಮುದ್ರಣದ ಪುಟಕ್ಕೆ ಬಂತು.

ಮುಂದಿನದು ನಿಘಂಟು. ಕಣ್ಣಿನ ತೊಂದರೆ ಕಾಡುತ್ತಿದ್ದರೂ ವರ್ಷಗಟ್ಟಲೆ ದುಡಿದರು. 1894ರಲ್ಲಿ ಹೊರಬಂದ ಆ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು 1903ರಲ್ಲಿ ಪ್ರಕಟಿಸಿ, ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಧಾರವಾಡದ ಕಾಲೇಜೊಂದಕ್ಕೆ ಅವರ ಹೆಸರಿದೆ. ಅದರ ಮುಂದೆ ಎಷ್ಟೋ ಸಲ ಓಡಾಡಿದ್ದೇನೆ, ಯಾರ ಹೆಸರೆಂದು ಕೇಳಿರಲಿಲ್ಲ.

ಮರುದಿನ ಪಾಠ ಟಿಪ್ಪಣಿ ಬದಲಿಸಿದೆ. ಕಿಟೆಲರ ಕಥೆ ಹೇಳಿ, ಪ್ರಸ್ತಾರವನ್ನು ಮಕ್ಕಳ ಕೈಯಿಂದಲೇ ಹಾಕಿಸಿದೆ. ಗೋಕಾಕ, ಹುಕ್ಕೇರಿ ಎರಡೂ ತಗಣ, ಐದೈದು ಮಾತ್ರೆ. ಮೂಡಲಗಿಗೆ ನಾಲ್ಕು ಅಕ್ಷರ, ಮಾತ್ರೆ ಮಾತ್ರ ಐದೇ. ಅಷ್ಟರಲ್ಲಿ ಅದೇ ಹುಡುಗಿ ಎದ್ದು ನಿಂತು, ನಾವು ಅನ್ನೋದು ಮೂಡಲ್ಗಿ ಅಲ್ಲವೇ ಸರ್ ಎಂದಳು. ಹಾಗೂ ಎಣಿಸಿದೆವು: ಗುರು, ಗುರು, ಲಘು. ಅದೂ ತಗಣವೇ.