ಥಾಮಸ್ ಹಾರ್ಡಿ: ಕಂಡ ನೆಲ, ಕಟ್ಟಿದ ನಾಡು

ಕಾದಂಬರಿಕಾರನು ತನ್ನ ಪಾತ್ರಗಳನ್ನೂ ಅವು ಬದುಕುವ ಪರಿಸರವನ್ನೂ ಎಲ್ಲಿಂದ ಪಡೆಯುತ್ತಾನೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಎಲ್ಲವೂ ಪ್ರತಿಭೆಯ ಸೃಷ್ಟಿ ಎಂಬುದು ಒಂದು. ಎಲ್ಲವೂ ಲೇಖಕನ ಅನುಭವದ ನಕಲು ಎಂಬುದು ಇನ್ನೊಂದು. ಕನ್ನಡದಲ್ಲಿ ಪ್ರಾದೇಶಿಕ ಕಾದಂಬರಿಯ ಚರ್ಚೆ ಬಂದಾಗ ಕುವೆಂಪು ಹಾಗೂ ಶಿವರಾಮ ಕಾರಂತರ ಜೊತೆಗೆ ನೆನಪಾಗುವ ಇಂಗ್ಲಿಷ್ ಲೇಖಕ ಥಾಮಸ್ ಹಾರ್ಡಿಯ ಬದುಕು ಈ ಎರಡು ಉತ್ತರಗಳನ್ನೂ ಪರೀಕ್ಷೆಗೆ ಒಡ್ಡುತ್ತದೆ. ಕಂಡದ್ದು, ಕೇಳಿದ್ದು, ಅಳೆದದ್ದು ಹಾಗೂ ಓದಿದ್ದು ಅವನಲ್ಲಿ ಹೇಗೆ ಕಥನವಾದವು ಎಂಬುದನ್ನು ಅವನ ಜೀವನದ ಹಿನ್ನೆಲೆಯಲ್ಲಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾರ್ಡಿ ಹುಟ್ಟಿದ್ದು 1840ರ ಜೂನ್ 2ರಂದು, ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಹೈಯರ್ ಬಾಕ್‌ಹ್ಯಾಂಪ್ಟನ್ ಎಂಬ ಪುಟ್ಟ ಊರಿನಲ್ಲಿ. ತಂದೆ ಕಲ್ಲುಕೆಲಸದ ಮೇಸ್ತ್ರಿ. ಹುಲ್ಲು ಹೊದಿಸಿದ ಮನೆಯ ಹಿಂದೆಯೇ ಹೀತ್ ಎಂಬ ಕುರುಚಲು ಬಯಲು ಹಬ್ಬಿತ್ತು. ಅಜ್ಜಿ ನೆಪೋಲಿಯನ್ನನ ದಾಳಿಯ ಭೀತಿಯ ಕಾಲದ ಕಥೆಗಳನ್ನು ಹೇಳುತ್ತಿದ್ದಳು. ತಂದೆಯೊಂದಿಗೆ ಬಾಲಕನೂ ಮದುವೆ, ಕುಣಿತಗಳಲ್ಲಿ ಪಿಟೀಲು ನುಡಿಸಲು ಹೋಗುತ್ತಿದ್ದನು. ತಾತ ಹಾಗೂ ತಂದೆ ಸ್ಟಿನ್ಸ್‌ಫರ್ಡ್ ಇಗರ್ಜಿಯ ವಾದ್ಯಮೇಳದಲ್ಲಿದ್ದವರು. ಆ ಮೇಳ ಹಾರ್ಡಿಯ ಶೈಶವದಲ್ಲೇ ನಿಂತುಹೋಯಿತು. ಆದರೂ 1872ರ 'ಅಂಡರ್ ದ ಗ್ರೀನ್‌ವುಡ್ ಟ್ರೀ' ಕಾದಂಬರಿಯಲ್ಲಿ ಅಂಥ ಮೇಳವೊಂದು ಜೀವಂತವಾಗಿ ನಡೆದಾಡುತ್ತದೆ. ತಾನು ನೋಡದೆ ಇದ್ದುದನ್ನು ಮನೆಯವರ ನೆನಪಿನಿಂದ ಕಣ್ಣೆದುರು ತಂದುಕೊಳ್ಳುವ ಈ ಕ್ರಮವು ಅವನ ಕಥನದ ಮೊದಲ ನೆಲೆ. ಇಲ್ಲಿ ಅನುಭವವೆಂದರೆ ವ್ಯಕ್ತಿಯೊಬ್ಬನದಲ್ಲ, ಮೂರು ತಲೆಮಾರಿನದು.

1856ರಲ್ಲಿ ಹಾರ್ಡಿ ಡಾರ್ಚೆಸ್ಟರ್ ಪಟ್ಟಣದ ವಾಸ್ತುಶಿಲ್ಪಿ ಜಾನ್ ಹಿಕ್ಸ್ ಬಳಿ ಕೆಲಸ ಕಲಿಯಲು ಸೇರಿದನು. ಹಳೆಯ ಇಗರ್ಜಿಗಳನ್ನು ಅಳೆದು, ನಕ್ಷೆ ಬರೆದು, ಜೀರ್ಣೋದ್ಧಾರಕ್ಕೆ ಸಿದ್ಧಪಡಿಸುವುದು ಅಲ್ಲಿನ ಮುಖ್ಯ ಕೆಲಸ. ಅದೇ ವರ್ಷದ ಆಗಸ್ಟ್ 9ರಂದು, ಗಂಡನನ್ನು ಕೊಂದ ಮಾರ್ಥಾ ಬ್ರೌನ್ ಎಂಬ ಹೆಂಗಸನ್ನು ಡಾರ್ಚೆಸ್ಟರ್ ಸೆರೆಮನೆಯ ಎದುರು ಬಹಿರಂಗವಾಗಿ ಗಲ್ಲಿಗೇರಿಸಿದುದನ್ನು ಹದಿನಾರರ ಹಾರ್ಡಿ ಜನಸಂದಣಿಯ ನಡುವೆ ನಿಂತು ನೋಡಿದನು. ಮಳೆಯಲ್ಲಿ ತೊಯ್ದ ಆ ಆಕೃತಿ ಅವನನ್ನು ಮುಪ್ಪಿನವರೆಗೂ ಬಿಡಲಿಲ್ಲ. ಮೂವತ್ತೈದು ವರ್ಷಗಳ ನಂತರ ಬಂದ 'ಟೆಸ್' ಕಾದಂಬರಿಯ ಅಂತ್ಯದಲ್ಲಿ ನಾಯಕಿಯೂ ಗಲ್ಲಿಗೇರುತ್ತಾಳೆ. ಆದರೆ ಹಾರ್ಡಿ ಆ ದೃಶ್ಯವನ್ನು ಚಿತ್ರಿಸುವುದಿಲ್ಲ. ದೂರದ ಗುಡ್ಡದಿಂದ ಕಾಣುವ ಕಪ್ಪು ಬಾವುಟವೊಂದನ್ನು ಮಾತ್ರ ತೋರಿಸುತ್ತಾನೆ. ಕಣ್ಣಾರೆ ಕಂಡವನು ಬರೆಯುವಾಗ ಕಾಣಿಸದೆ ಉಳಿಸಿದ್ದು ಗಮನಾರ್ಹ. ಪ್ರೇರಣೆಯು ನೇರವಾಗಿ ವರ್ಣನೆಯಾಗಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

1862ರಲ್ಲಿ ಲಂಡನ್ನಿಗೆ ಹೋದ ಹಾರ್ಡಿ ಆರ್ಥರ್ ಬ್ಲೊಮ್‌ಫೀಲ್ಡನ ಕಚೇರಿಯಲ್ಲಿ ದುಡಿಯುತ್ತ, ಬಿಡುವಿನಲ್ಲಿ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಒಬ್ಬೊಬ್ಬ ಕಲಾವಿದನಂತೆ ಕ್ರಮವಾಗಿ ಅಭ್ಯಾಸ ಮಾಡಿದನು. ಚಿತ್ರಕಲಾ ಪಂಥಗಳ ಬಗ್ಗೆ ಅವನು ಟಿಪ್ಪಣಿ ಪುಸ್ತಕವೊಂದನ್ನೂ ಇಟ್ಟಿದ್ದನು. ದೃಶ್ಯಕ್ಕೆ ಚೌಕಟ್ಟು ಹಾಕುವುದು, ಬೆಳಕಿನ ದಿಕ್ಕನ್ನು ನಿರ್ಧರಿಸುವುದು, ವಿಶಾಲ ಬಯಲಿನಲ್ಲಿ ಸಣ್ಣ ಆಕೃತಿಯೊಂದನ್ನು ನಿಲ್ಲಿಸುವುದು ಮುಂತಾದ ಅವನ ಕಥನತಂತ್ರಗಳಲ್ಲಿ ಈ ಅಭ್ಯಾಸದ ಫಲವನ್ನು ಕಾಣಬಹುದು. ಆರೋಗ್ಯ ಕೆಟ್ಟು 1867ರಲ್ಲಿ ಊರಿಗೆ ಮರಳಿದ ಮೇಲೆ ಕಾದಂಬರಿ ರಚನೆ ಆರಂಭವಾಯಿತು. 1870ರಲ್ಲಿ ಸೇಂಟ್ ಜೂಲಿಯಟ್ ಇಗರ್ಜಿಯನ್ನು ಅಳೆಯಲು ಕಾರ್ನ್‌ವಾಲಿಗೆ ಹೋದಾಗ ಅಲ್ಲಿ ಎಮ್ಮಾ ಗಿಫರ್ಡಳ ಪರಿಚಯವಾಯಿತು. 1873ರ 'ಎ ಪೇರ್ ಆಫ್ ಬ್ಲೂ ಐಸ್' ಕಾದಂಬರಿಯಲ್ಲಿ ವಾಸ್ತುಶಿಲ್ಪಿಯೊಬ್ಬನು ಇಗರ್ಜಿಯ ಕೆಲಸಕ್ಕೆಂದು ದೂರದ ಕಡಲತೀರಕ್ಕೆ ಬರುತ್ತಾನೆ. ಮರುವರ್ಷ ಹಾರ್ಡಿ ಎಮ್ಮಾಳನ್ನು ಮದುವೆಯಾದನು.

1874ರಲ್ಲಿ ಕಾರ್ನ್‌ಹಿಲ್ ಪತ್ರಿಕೆಯಲ್ಲಿ ಧಾರಾವಾಹಿಯಾದ 'ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್' ಅವನಿಗೆ ಖ್ಯಾತಿ ತಂದಿತು. ಅದನ್ನು ಅವನು ಬರೆದದ್ದು ಹುಟ್ಟಿದ ಮನೆಯಲ್ಲೇ ಕುಳಿತು. ಹೊರಗೆ ಅಲೆಯುವಾಗ ಕಾಗದವಿಲ್ಲದಿದ್ದರೆ ಒಣಗಿದ ದೊಡ್ಡ ಎಲೆಗಳ ಮೇಲೆ, ಮರದ ಚಕ್ಕೆಗಳ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದುದಾಗಿ ಅವನ ಜೀವನಚರಿತ್ರೆಯಲ್ಲಿ ದಾಖಲಾಗಿದೆ. ಕಾದಂಬರಿಗೆ ಚಿತ್ರ ಬರೆಯುವವರಿಗಾಗಿ ಕುರಿಗಾಹಿಯ ಕೊಕ್ಕೆಕೋಲು, ರೈತರ ಮೇಲಂಗಿ, ಕುರಿ ತೊಳೆಯುವ ಹೊಂಡ ಮುಂತಾದವುಗಳ ರೇಖಾಚಿತ್ರಗಳನ್ನು ತಾನೇ ಕಳಿಸಿಕೊಡಲು ಸಿದ್ಧನಿದ್ದನು. ನಗರದ ಓದುಗನ ಕಣ್ಣಿಗೆ ಹಳ್ಳಿಯ ವಸ್ತುಲೋಕ ತಪ್ಪಾಗಿ ಕಾಣಬಾರದೆಂಬ ಕಾಳಜಿ ಇಲ್ಲಿದೆ. ಆಂಗ್ಲೋ-ಸ್ಯಾಕ್ಸನ್ ಕಾಲದ ರಾಜ್ಯವೊಂದರ ಹೆಸರಾದ ವೆಸೆಕ್ಸ್ ಎಂಬುದನ್ನು ತನ್ನ ಕಥಾಪ್ರದೇಶಕ್ಕೆ ಅವನು ಮೊದಲು ಬಳಸಿದ್ದೂ ಈ ಕೃತಿಯಲ್ಲಿಯೇ.

1878ರ 'ದ ರಿಟರ್ನ್ ಆಫ್ ದ ನೇಟಿವ್' ಕೃತಿಯ ಮೊದಲ ಮುದ್ರಣದಲ್ಲಿ ಹಾರ್ಡಿ ಕಥೆ ನಡೆಯುವ ನೆಲದ ನಕ್ಷೆಯನ್ನೇ ಕೊಟ್ಟನು. ನಕ್ಷೆ ನಿಖರವಾಗಿ ಕಂಡರೂ ಅದರಲ್ಲಿರುವ ಎಗ್ಡನ್ ಹೀತ್ ಹಾಗೆಯೇ ಎಲ್ಲೂ ಇಲ್ಲ. ಬೇರೆ ಬೇರೆ ಹೆಸರಿನ ಹತ್ತಾರು ಬಯಲುಗಳನ್ನು ಒಂದಾಗಿಸಿ ಅದನ್ನು ರೂಪಿಸಿದುದಾಗಿ ಅವನೇ ಮುಂದೆ ಮುನ್ನುಡಿಯಲ್ಲಿ ತಿಳಿಸಿದನು. ಇದು ವಾಸ್ತುಶಿಲ್ಪಿಯ ವಿಧಾನ: ಕಲ್ಲುಗಳು ನಿಜವಾದವು, ಕಟ್ಟಡ ಹೊಸದು.

1883ರಲ್ಲಿ ಡಾರ್ಚೆಸ್ಟರಿಗೆ ಮರಳಿದ ಹಾರ್ಡಿ ತಾನೇ ವಿನ್ಯಾಸಗೊಳಿಸಿದ ಮ್ಯಾಕ್ಸ್ ಗೇಟ್ ಎಂಬ ಮನೆಗೆ 1885ರಲ್ಲಿ ಪ್ರವೇಶಿಸಿದನು. ಅದರ ಅಡಿಪಾಯ ತೋಡುವಾಗ ರೋಮನ್ನರ ಕಾಲದ ಅಸ್ಥಿಪಂಜರಗಳು ದೊರೆತವು. ಈ ಅವಧಿಯಲ್ಲಿ ಅವನು 1826ರಿಂದ ಮೊದಲ್ಗೊಂಡು ಸ್ಥಳೀಯ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದಿ, ಅಪಘಾತ, ಕಳವು, ದಿವಾಳಿ, ಹೆಂಡತಿಯ ಮಾರಾಟ ಮೊದಲಾದ ಸುದ್ದಿಗಳನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡನು. ಕೆಲವನ್ನು ಎಮ್ಮಾ ಬರೆದುಕೊಟ್ಟಳು. 'ಫ್ಯಾಕ್ಟ್ಸ್' ಎಂದು ಅವನು ಹೆಸರಿಟ್ಟ ಈ ಪುಸ್ತಕ 2004ರಲ್ಲಿ ಸಂಪಾದಿತವಾಗಿ ಪ್ರಕಟವಾಗಿದೆ. 1886ರ 'ದ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್' ಕುಡಿದ ಅಮಲಿನಲ್ಲಿ ಹೆಂಡತಿಯನ್ನು ಮಾರುವ ಘಟನೆಯಿಂದಲೇ ತೆರೆದುಕೊಳ್ಳುತ್ತದೆ. ಪತ್ರಿಕೆ ಘಟನೆಯನ್ನು ಕೊಟ್ಟಿತು; ಆ ಘಟನೆಯನ್ನು ಹದಿನೆಂಟು ವರ್ಷಗಳ ಕಾಲ ಎದೆಯಲ್ಲಿ ಹೊತ್ತು ಬದುಕುವ ಹೆಂಚರ್ಡ್ ಎಂಬ ಮನುಷ್ಯನನ್ನು ಕೊಡಲಿಲ್ಲ. ಸಂಗ್ರಹ ಎಲ್ಲಿ ಮುಗಿದು ಸೃಷ್ಟಿ ಎಲ್ಲಿ ಆರಂಭವಾಗುತ್ತದೆ ಎಂಬುದು ಇಲ್ಲಿ ನಿಚ್ಚಳವಾಗುತ್ತದೆ.

1891ರ 'ಟೆಸ್' ಕೃತಿಯಲ್ಲಿ ಅಳಿದುಹೋದ ಕುಲೀನ ಮನೆತನದ ಹೆಸರು ಬಡ ಕುಟುಂಬವೊಂದರ ವಿನಾಶಕ್ಕೆ ಕಾರಣವಾಗುತ್ತದೆ. ಬಿಯರ್ ರೀಜಿಸ್ ಇಗರ್ಜಿಯಲ್ಲಿರುವ ಟರ್ಬರ್‌ವಿಲ್ ಮನೆತನದ ಸಮಾಧಿಗಳು ಇದರ ಆಕರ. ತನ್ನ ವಂಶವೂ ಹಿಂದೆ ದೊಡ್ಡದಾಗಿದ್ದು ಕಾಲಕ್ರಮದಲ್ಲಿ ಇಳಿದುಬಂದಿತೆಂದು ಹಾರ್ಡಿ ನಂಬಿದ್ದನು ಎಂಬುದನ್ನೂ ಇಲ್ಲಿ ನೆನೆಯಬೇಕು. 1892ರಲ್ಲಿ ಅವನು ಅಜ್ಜಿಯ ತವರಾದ ಫಾಲಿ ಗ್ರಾಮವನ್ನು ಕಂಡುಬಂದನು. 1895ರ 'ಜೂಡ್ ದ ಅಬ್‌ಸ್ಕ್ಯೂರ್' ಆ ಊರಿನ ನೆಲದಿಂದಲೇ ಹೊರಡುತ್ತದೆ. ನಾಯಕನ ಮನೆತನದ ಹೆಸರೂ ಫಾಲಿಯೇ. ಆ ಕೃತಿಗೆ ಬಂದ ಉಗ್ರ ಟೀಕೆಯ ನಂತರ ಹಾರ್ಡಿ ಹೊಸ ಕಾದಂಬರಿ ಬರೆಯಲಿಲ್ಲ, ಕಾವ್ಯಕ್ಕೆ ತಿರುಗಿದನು. 1912ರ ನವೆಂಬರಿನಲ್ಲಿ ಎಮ್ಮಾ ತೀರಿಕೊಂಡಳು. ಅದಕ್ಕೂ ಬಹುಕಾಲ ಮೊದಲೇ ಅವರ ದಾಂಪತ್ಯ ಸೊರಗಿತ್ತು. 1913ರ ಮಾರ್ಚಿನಲ್ಲಿ ಅವನು ಮತ್ತೆ ಸೇಂಟ್ ಜೂಲಿಯಟ್‌ಗೆ ಹೋಗಿ, ಅವಳನ್ನು ಮೊದಲು ಕಂಡ ಜಾಗಗಳಲ್ಲಿ ಅಲೆದನು. ಅವನ ಶ್ರೇಷ್ಠ ಕವಿತೆಗಳಲ್ಲಿ ಹಲವು ಆ ಅಗಲಿಕೆ ಹಾಗೂ ಆ ಅಲೆದಾಟಗಳಿಂದ ಹುಟ್ಟಿದವು. ಜೀವನದಲ್ಲಿ ಕಳೆದುಕೊಂಡವಳು ಸ್ಥಳದ ಮೂಲಕ ಮಾತ್ರ ಅವನಿಗೆ ಮರಳಿ ದೊರೆತಳು.

ಅಷ್ಟರಲ್ಲಿ ಓದುಗರು ಹಾರ್ಡಿಯ ಊರುಗಳನ್ನು ಹುಡುಕಿಕೊಂಡು ಬರತೊಡಗಿದ್ದರು. ಹಳೆಯ ಕೃತಿಗಳ ಮರುಮುದ್ರಣಗಳಲ್ಲಿ ಅವನು ಸ್ಥಳನಾಮ, ದೂರ, ದಿಕ್ಕುಗಳನ್ನು ತಿದ್ದಿ ವೆಸೆಕ್ಸನ್ನು ಏಕರೂಪಗೊಳಿಸಿದನು. 1913ರಲ್ಲಿ ಹರ್ಮನ್ ಲೀ ಪ್ರಕಟಿಸಿದ ಸಚಿತ್ರ ಕೈಪಿಡಿಗೆ ನೆರವನ್ನೂ ನೀಡಿದನು. ಆದರೆ ತನ್ನ ನಾಡು ಅರ್ಧ ನಿಜ, ಅರ್ಧ ಕನಸು ಎಂಬ ನಿಲುವನ್ನು ಬಿಟ್ಟುಕೊಡಲಿಲ್ಲ. ಕೊನೆಯ ವರ್ಷಗಳಲ್ಲಿ ಅವನು ಅನೇಕ ಪತ್ರ, ಟಿಪ್ಪಣಿಗಳನ್ನು ಸುಟ್ಟುಹಾಕಿದನು. ಎರಡನೆಯ ಪತ್ನಿ ಫ್ಲಾರೆನ್ಸಳ ಹೆಸರಿನಲ್ಲಿ 1928 ಹಾಗೂ 1930ರಲ್ಲಿ ಹೊರಬಂದ ಜೀವನಚರಿತ್ರೆಯ ಬಹುಭಾಗವನ್ನು ಬರೆದವನು ಸ್ವತಃ ಹಾರ್ಡಿಯೇ. 1928ರ ಜನವರಿ 11ರಂದು ಅವನು ತೀರಿಕೊಂಡಾಗ ಚಿತಾಭಸ್ಮ ವೆಸ್ಟ್‌ಮಿನ್‌ಸ್ಟರ್ ಅಬೆಯನ್ನೂ ಹೃದಯ ಸ್ಟಿನ್ಸ್‌ಫರ್ಡಿನ ಮಣ್ಣನ್ನೂ ಸೇರಿದವು.

ಸಂಶೋಧಕರಾದ ನಮಗೆ ಈ ಬದುಕು ಒಂದು ಎಚ್ಚರಿಕೆಯನ್ನು ನೀಡುತ್ತದೆ. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಪಾತ್ರ ಯಾರು, 'ಮರಳಿ ಮಣ್ಣಿಗೆ' ಕೃತಿಯ ಮನೆ ಯಾವುದು ಎಂದು ಹುಡುಕುವ ಉತ್ಸಾಹ ನಮ್ಮಲ್ಲೂ ಇದೆ. ಆಕರಶೋಧ ಅಗತ್ಯವೇ; ಆದರೆ ಮೂಲ ವ್ಯಕ್ತಿಯನ್ನೋ ಸ್ಥಳವನ್ನೋ ಗುರುತಿಸಿದ ಕೂಡಲೇ ಅಧ್ಯಯನ ಮುಗಿಯುವುದಿಲ್ಲ. ದೊರೆತ ಆಕರಕ್ಕೂ ಕೃತಿಗೂ ನಡುವೆ ಉಳಿಯುವ ಅಂತರವನ್ನು ಅಳೆಯಬೇಕು. ಹೆಂಡತಿಯ ಮಾರಾಟದ ನಾಲ್ಕು ಸಾಲಿನ ಸುದ್ದಿಗೂ ಹೆಂಚರ್ಡನ ಒಂಟಿ ಸಾವಿಗೂ ನಡುವಿನ ಅಂತರವೇ ಹಾರ್ಡಿಯ ಸಾಧನೆ. ಲೇಖಕನು ಸುಟ್ಟುಹಾಕಲಾಗದೆ ಉಳಿದ ದಾಖಲೆಯೂ ಅದೇ.